ದೀಡ

ದೀಡ (ಗುಣವಾಚಕ): ಒಂದೂವರೆ. ಗದಗ-ಬೆಟಗೇರಿ, ಮುಂಡರಗಿ ಕಡೆಯ ಸಂತೆಯಲ್ಲಿ ‘ದೀಡ ನೂರು’ ಅಂದರೆ 150, ‘ದೀಡ ಸಾವಿರ’ ಅಂದರೆ 1500. ಇದರ ಜೊತೆಗಾರ ‘ಅಡೀಚ’, ಅಂದರೆ ಎರಡೂವರೆ. ‘ಅಡೀಚ ನೂರು’ 250.

ಎರಡೂ ಮರಾಠಿಯಿಂದ ಬಂದವು. ಹಿಂದೆ ಈ ಸೀಮೆ ಮುಂಬಯಿ ಪ್ರಾಂತದಲ್ಲಿತ್ತು. ಹತ್ತಿರದ ಊರುಗಳಾದ ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿದ್ದವು. ಕಚೇರಿ, ಪೇಟೆಗಳ ಲೆಕ್ಕದಲ್ಲಿ ಮರಾಠಿ ಬೆರೆತದ್ದು ಹೀಗೆ.

ಮೂಲ ಇನ್ನೂ ಹಿಂದಕ್ಕಿದೆ. ಸಂಸ್ಕೃತದ ‘ದ್ವ್ಯರ್ಧ’ ಪ್ರಾಕೃತದಲ್ಲಿ ಸವೆದು ದೀಡ ಆಯಿತು. ಹಿಂದಿಯ ‘ಡೇಢ್’ ಇದರ ಸೋದರ. ಒಂದು ಪೂರ್ತಿ, ಎರಡನೆಯದು ಅರ್ಧ ಎಂಬುದು ಎಣಿಕೆಯ ರೀತಿ. ‘ಅರ್ಧತೃತೀಯ’ದಿಂದ ಬಂದ ಅಡೀಚದಲ್ಲಿ ಮೂರನೆಯದು ಅರ್ಧ. ಒಂದೂವರೆಗೆ ಜರ್ಮನ್ನರು ಹೇಳುವ ‘ಆಂಡರ್ಟ್‌ಹಾಲ್ಪ್’ ಕೂಡ ಇದೇ ಲೆಕ್ಕ.

ಇಂಗ್ಲಿಷ್ ಅಂಕಿ ಕಲಿಯುವ ಮಗು 150ನ್ನು ‘ವನ್ ಹಂಡ್ರೆಡ್ ಫಿಫ್ಟಿ’ ಎಂದು ಓದುತ್ತದೆ, ಅಜ್ಜ ‘ದೀಡ ನೂರು’ ಅನ್ನುತ್ತಾನೆ.

ಬಳಕೆ: ಅತಿ ಬುದ್ಧಿವಂತಿಕೆ ತೋರುವವ ‘ದೀಡ ಪಂಡಿತ’. ಜಾತ್ರೆಯ ‘ದೀಡ ನಮಸ್ಕಾರ’ಕ್ಕೂ ಒಂದೂವರೆಗೂ ಸಂಬಂಧವಿಲ್ಲ, ದೀರ್ಘದಂಡ ನಮಸ್ಕಾರವನ್ನೇ ಹಾಗೆ ಕರೆಯುತ್ತಾರೆ.