ಹತ್ತಿಪ್ಪತ್ತು ಗಂಟೆ ಆಯಸ್ಸಿನ ಇಂಜಿನ್

ಎರಡನೇ ಮಹಾಯುದ್ಧದ ಮಾತು ಬಂದಾಗೆಲ್ಲ ಒಂದು ವಾದ ಕೇಳಿರ್ತೀರಿ. ಹಿಟ್ಲರ್ ಮೂಗು ತೂರಿಸದೇ ಇದ್ದಿದ್ದರೆ ಜರ್ಮನಿಯ ಜೆಟ್ ವಿಮಾನಗಳು ಮೊದಲೇ ಬಂದು ಯುದ್ಧದ ದಿಕ್ಕೇ ಬದಲಾಗ್ತಿತ್ತು ಅಂತ. ನನಗೇನೋ ಇದು ಒಪ್ಪಿಗೆಯಾಗುವುದಿಲ್ಲ. ತೊಂದರೆ ಇದ್ದದ್ದು ಇಂಜಿನ್ನಿನ ಹೊಟ್ಟೆಯಲ್ಲಿ.

ಕಥೆ ಶುರುವಾಗೋದು ಗ್ಯೋಟಿಂಗೆನ್ ಎಂಬ ಊರಲ್ಲಿ. ಹಾನ್ಸ್ ಫಾನ್ ಓಹೈನ್ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದುತ್ತಿದ್ದ. ಪಿಸ್ಟನ್ ಇಂಜಿನ್ನಿನ ಗದ್ದಲ, ಅದುರಾಟ ಅವನಿಗೆ ಹಿಡಿಸಿರಲಿಲ್ಲ. ತನ್ನ ಕಾರು ರಿಪೇರಿಗೆ ಬಿಡುತ್ತಿದ್ದ ಗ್ಯಾರೇಜಿನ ಮೆಕ್ಯಾನಿಕ್ ಮ್ಯಾಕ್ಸ್ ಹಾನ್ ಜೊತೆ ಸೇರಿ ಕೈದುಡ್ಡು ಹಾಕಿ ಒಂದು ಮಾದರಿ ಮಾಡಿದ. ಅದು ಓಡಿದ್ದಕ್ಕಿಂತ ಬೆಂಕಿ ಉಗುಳಿದ್ದೇ ಹೆಚ್ಚು! ಆದರೂ 1936ರಲ್ಲಿ ಏರ್ನ್ಸ್ಟ್ ಹೈಂಕೆಲ್ ಇಬ್ಬರನ್ನೂ ತನ್ನ ವಿಮಾನ ಕಂಪನಿಗೆ ಸೇರಿಸಿಕೊಂಡ. 1939ರ ಆಗಸ್ಟ್ 27ರಂದು, ರೋಸ್ಟಾಕ್ ಹತ್ತಿರ, ಹೈಂಕೆಲ್ 178 ಹಾರಿತು. ಜೆಟ್ ಇಂಜಿನ್ನಿನ ಮೇಲೆಯೇ ಹಾರಿದ ಜಗತ್ತಿನ ಮೊದಲ ವಿಮಾನ. ಇನ್ನೈದು ದಿನಕ್ಕೆ ಯುದ್ಧ ಶುರು.

(ಇಂಗ್ಲೆಂಡಿನ ಫ್ರಾಂಕ್ ವಿಟ್ಲ್ 1930ರಲ್ಲೇ ಪೇಟೆಂಟಿಗೆ ಅರ್ಜಿ ಹಾಕಿದ್ದ. 1935ರಲ್ಲಿ ನವೀಕರಣದ 5 ಪೌಂಡ್ ಕಟ್ಟಲಾಗದೆ ಅದನ್ನು ಕೈಬಿಟ್ಟ. ಐದೇ ಪೌಂಡು ಕಣ್ರೀ!)

ಮುಂದಿನದು ಮೆಸ್ಸರ್‌ಶ್ಮಿಟ್ 262. ಇದರ ಫಜೀತಿ ನೋಡಿ. 1941ರ ಏಪ್ರಿಲ್‌ನಲ್ಲಿ ವಿಮಾನ ರೆಡಿ, ಜೆಟ್ ಇಂಜಿನ್ ಮಾತ್ರ ಬಂದಿಲ್ಲ. ಕೊನೆಗೆ ಮೂತಿಗೆ ಹಳೇ ಪಿಸ್ಟನ್ ಇಂಜಿನ್ ಕಟ್ಟಿ ಹಾರಿಸಿದರು. 1942ರ ಮಾರ್ಚ್‌ನಲ್ಲಿ ಬಿಎಂಡಬ್ಲ್ಯು ಜೆಟ್ ಇಂಜಿನ್ನುಗಳು ಬಂದವು. ಹಾರಿದ ಸ್ವಲ್ಪ ಹೊತ್ತಿಗೇ ಎರಡೂ ಕೈಕೊಟ್ಟವು. ಪೈಲಟ್ ಫ್ರಿಟ್ಸ್ ವೆಂಡೆಲ್‌ನನ್ನು ನೆಲಕ್ಕೆ ತಂದದ್ದು ಪುಣ್ಯಕ್ಕೆ ಬಿಚ್ಚದೇ ಉಳಿಸಿದ್ದ ಅದೇ ಪಿಸ್ಟನ್ ಇಂಜಿನ್! ಜುಲೈ 18ರಂದು ಯುಂಕರ್ಸ್‌ನವರ ಯೂಮೋ 004 ಇಂಜಿನ್ನುಗಳ ಜೊತೆ ಬರೀ ಜೆಟ್ ಬಲದ ಮೇಲೆ ಹಾರಿತು. ಆಗ ಅದಕ್ಕೆ ಬಾಲದ ಕೆಳಗೆ ಚಕ್ರ. ಓಡುವಾಗ ಬಾಲ ಮೇಲೇಳುತ್ತಲೇ ಇರಲಿಲ್ಲ. ವೆಂಡೆಲ್ ಟೇಕಾಫ್ ಓಟದ ಮಧ್ಯೆ ಬ್ರೇಕ್ ಮುಟ್ಟಿ ಬಾಲ ಎತ್ತಿಸಿದ. ಎಂಥ ಗುಂಡಿಗೆ!

ಹಿಟ್ಲರ್ ಇದನ್ನು ಬಾಂಬರ್ ಮಾಡಿ ಅಂತ ಪಟ್ಟು ಹಿಡಿದದ್ದು ನಿಜ. ಅದು 1943ರ ನವೆಂಬರಿನಿಂದ ಈಚೆಗೆ. ಆಗಿನ್ನೂ ಇಂಜಿನ್ನೇ ರಾಶಿಗಟ್ಟಲೆ ತಯಾರಾಗುತ್ತಿರಲಿಲ್ಲ. ಟರ್ಬೈನ್ ಕೆಂಪಗೆ ಕಾಯುವ ಜಾಗ, ಅಲ್ಲಿಗೆ ನಿಕೆಲ್, ಕ್ರೋಮಿಯಂ ಬೆರೆಸಿದ ಲೋಹ ಬೇಕು. ಜರ್ಮನಿಯಲ್ಲಿ ಎರಡಕ್ಕೂ ಬರ. ವಿನ್ಯಾಸಕ ಆನ್ಸೆಲ್ಮ್ ಫ್ರಾನ್ಸ್ ಸಾಧಾರಣ ಉಕ್ಕಿಗೆ ಅಲ್ಯುಮಿನಿಯಂ ಲೇಪಿಸಿ, ಟರ್ಬೈನ್ ಅಲಗುಗಳನ್ನು ಟೊಳ್ಳು ಮಾಡಿ ಒಳಗೆ ಗಾಳಿ ಹಾಯಿಸಿದ. ಬರದಲ್ಲಿ ಹುಟ್ಟಿದ ಬುದ್ಧಿ. ಆದರೆ ಆಯಸ್ಸು ಹತ್ತರಿಂದ ಇಪ್ಪತ್ತೈದು ಗಂಟೆ! ಥ್ರಾಟಲ್ ದಿಢೀರಂತ ತಳ್ಳಿದರೆ ಇಂಜಿನ್ ಆರಿಹೋಗಬಹುದು, ಬೆಂಕಿಯೂ ಹತ್ತಬಹುದು.

ಯುದ್ಧ ಮುಗಿಯುವಷ್ಟರಲ್ಲಿ 1,400ಕ್ಕೂ ಹೆಚ್ಚು 262ಗಳು ತಯಾರಾದವು. ಯುದ್ಧಕ್ಕಿಳಿದದ್ದು ಕೆಲವೇ ನೂರು. ಇವನ್ನು ಕಟ್ಟಿದ್ದು ಯಾರು ಅನ್ನೋದನ್ನು ಜೆಟ್ ಅಭಿಮಾನಿಗಳು ಬೇಗ ದಾಟಿಬಿಡ್ತಾರೆ. ಆಸ್ಟ್ರಿಯಾದ ಗೂಸೆನ್ ಯಾತನಾ ಶಿಬಿರದ ಕೈದಿಗಳಿಂದ 1944ರಲ್ಲಿ ಸುರಂಗ ತೋಡಿಸಿ, ಅದರೊಳಗೇ ಈ ವಿಮಾನದ ಒಡಲು ಮಾಡಿಸಿದರು. ಆ ಸುರಂಗಗಳಿಗಾಗಿ ಸತ್ತವರು ಸಾವಿರಾರು ಜನ. 262ರ ಅಂದಚೆಂದ ಹೊಗಳುವ ಪುಸ್ತಕಗಳಲ್ಲಿ ಇವರಿಗೊಂದು ಪ್ಯಾರಾ ಸಿಕ್ಕರೆ ಹೆಚ್ಚು.

ನಮ್ಮೂರಿಗೂ ಇದರದೊಂದು ಎಳೆ ಇದೆ. ಫೋಕೆ-ವುಲ್ಫ್ ಕಂಪನಿಯ ಕುರ್ಟ್ ಟಾಂಕ್ ಕೂಡ ಯುದ್ಧದ ಕೊನೆಯಲ್ಲಿ ಟಿಎ 183 ಅನ್ನೋ ಜೆಟ್ ರೂಪಿಸಿದ್ದ, ಹಾರಿಸುವಷ್ಟರಲ್ಲಿ ಜರ್ಮನಿ ಸೋತಿತ್ತು. ಅರ್ಜೆಂಟೀನಾ ಸುತ್ತಿ ಬೆಂಗಳೂರಿನ ಎಚ್‌ಎಎಲ್‌ಗೆ ಬಂದ. ಇಲ್ಲಿ ಅವನ ತಂಡ ರೂಪಿಸಿದ ಎಚ್‌ಎಫ್-24 ಮಾರುತ್ 1961ರ ಜೂನ್‌ನಲ್ಲಿ ಹಾರಿತು. ಅದಕ್ಕೆ ಅಂದುಕೊಂಡಿದ್ದ ದೊಡ್ಡ ಇಂಜಿನ್ ಮಾತ್ರ ಕೊನೆಗೂ ಸಿಗಲಿಲ್ಲ. ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂನಲ್ಲಿ ಒಂದು ಮಾರುತ್ ಇದೆ, ಹೋಗಿ ನೋಡಿ.