ಠಾಕುರ್ಲಿಯ ಖಾಡಿಗೆ ಬರುವ ಕೆಂಪು ನೀರು

ಮಳೆ ಹಿಡಿದ ಮೇಲೆ ಮೋಠಾಗಾಂವ್‌ನ ರೇತಿ ಬಂದರಿಗೆ ಹೋಗಿ ನಿಲ್ಲಬೇಕು. ಬೇಸಿಗೆಯಿಡೀ ಕಪ್ಪಗೆ ನಾರುತ್ತ ಬಿದ್ದಿದ್ದ ಖಾಡಿ, ಅಂದರೆ ಉಬ್ಬರದ ನೀರು ಒಳಬರುವ ಅಳಿವೆ, ಕೆಂಪಾಗಿ, ಒಂದೇ ದಿಕ್ಕಿಗೆ, ಅವಸರದಲ್ಲಿ ಹರಿಯುತ್ತಿರುತ್ತದೆ. ಅದರ ಮೇಲೆ ಹಸಿರು ಚಾಪೆಗಳ ಹಾಗೆ ಅಂತರಗಂಗೆ ತೇಲಿ ಬರುತ್ತದೆ. ಮೇಲೆ ಮೋಹನೆಯ ಹತ್ತಿರ ಉಲ್ಲಾಸ್ ನದಿಯನ್ನು ಮುಚ್ಚಿಕೊಂಡಿದ್ದ ಕಳೆ ಇದು. ನೆರೆ ಅದನ್ನು ಬೇರುಸಹಿತ ಕಿತ್ತು ಉಪ್ಪುನೀರಿಗೆ ತಳ್ಳುತ್ತದೆ. ಉಪ್ಪು ತಾಗಿದರೆ ಅದು ಬದುಕುವುದಿಲ್ಲ. ಯಾವ ಯಂತ್ರವೂ ಪೂರ್ತಿ ಮುಗಿಸಲಾಗದ ಕೆಲಸವನ್ನು ಮಳೆಗಾಲ ಮಾಡಿಕೊಟ್ಟು ಹೋಗುತ್ತದೆ.

ಹೊರಗಿನವರಿಗೆ ಠಾಕುರ್ಲಿ ಎಂದರೆ ಡೊಂಬಿವಲಿ, ಕಲ್ಯಾಣಗಳ ನಡುವಿನ ಒಂದು ಸಣ್ಣ ಸ್ಟೇಷನ್. ಆದರೆ ಈ ಸೀಮೆಯ ಬದುಕು ಹಳಿಗಿಂತ ಎಷ್ಟೋ ಮೊದಲು ಖಾಡಿಯಿಂದ ಶುರುವಾದದ್ದು. ಪಕ್ಕದ ಕಲ್ಯಾಣದ ಹೆಸರು ಒಂದನೇ ಶತಮಾನದ ಗ್ರೀಕ್ ನಾವಿಕರ ಕೈಪಿಡಿಯಲ್ಲಿದೆ. ಕಾನ್ಹೇರಿಯ ಗುಹೆಗಳಿಗೆ ದಾನ ಕೊಟ್ಟವರಲ್ಲಿ ಕಲ್ಯಾಣದ ವರ್ತಕರಿದ್ದರು. ಮಳಖೇಡದಲ್ಲಿ ಅಮೋಘವರ್ಷ ಆಳುತ್ತಿದ್ದಾಗ ಈ ಕೊಂಕಣ ಅವನ ಸಾಮಂತರಾದ ಶಿಲಾಹಾರರ ಕೈಯಲ್ಲಿತ್ತು. 1657ರಲ್ಲಿ ಕಲ್ಯಾಣ ಶಿವಾಜಿಯ ವಶವಾದ ಮೇಲೆ ದುರ್ಗಾಡಿ ಕೋಟೆಯ ಬುಡದಲ್ಲಿ ಹಡಗುಗಳು ಸಿದ್ಧವಾದವು. ಸಮುದ್ರದಿಂದ ಇಷ್ಟು ಒಳಗೆ ಬಂದರು ನಿಂತದ್ದು ಉಬ್ಬರದ ಬಲದಿಂದ.

ಇಲ್ಲಿನ ಮೂಲನಿವಾಸಿಗಳು ಆಗ್ರಿ ಮತ್ತು ಕೋಳಿ ಸಮುದಾಯದವರು. ಆಗ್ರಿ ಎಂಬ ಹೆಸರು ಬಂದದ್ದು ಆಗರದಿಂದ, ನಮ್ಮ ಸಾಣಿಕಟ್ಟೆಯ ಉಪ್ಪಿನಾಗರದ ಅದೇ ಆಗರ. ಖಾಡಿಯ ಅಂಚಿಗೆ ಮಣ್ಣಿನ ಒಡ್ಡು ಹಾಕಿ, ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದ ಮೇಲೆ ಅವರು ಭತ್ತ ಬೆಳೆಯುತ್ತಿದ್ದ ರೀತಿ ಕುಮಟೆಯ ಗಜನಿ ಗದ್ದೆಯವರಿಗೆ ಹೇಳಿಕೊಡಬೇಕಾಗಿಲ್ಲ.

1854ರ ಮೇ ತಿಂಗಳಲ್ಲಿ ರೈಲು ಠಾಣೆಯಿಂದ ಕಲ್ಯಾಣಕ್ಕೆ ಬಂತು. ಪುಣೆಯವರೆಗಿನ ಮಾರ್ಗ 1929ರಲ್ಲಿ ವಿದ್ಯುತ್ತಿಗೆ ಬದಲಾಗುವ ಹೊತ್ತಿಗೆ ಇಲ್ಲಿಯ ಚೋಳೆಯಲ್ಲಿ ರೈಲ್ವೆಯ ಪವರ್ ಹೌಸ್ ಎದ್ದಿತು, ಬಾವನ್ ಚಾಳ್‌ನಂಥ ರೈಲ್ವೆ ವಸತಿಗಳು ಬೆಳೆದವು. ಪವರ್ ಹೌಸ್ ಕೆಲಸ ನಿಲ್ಲಿಸಿ ದಶಕಗಳಾದವು. ಕರಾವಳಿಯಿಂದ, ಉತ್ತರ ಕರ್ನಾಟಕದಿಂದ ಬಂದ ನಮ್ಮವರು ಮುಂಬೈಯ ಬಾಡಿಗೆ ತಾಳಲಾರದೆ ಇತ್ತ ನೆಲೆಯೂರಿದರು. ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯದಲ್ಲಿ ಕನ್ನಡದ ಮಕ್ಕಳು ಓದಿದರು.

ಉಲ್ಲಾಸ್ ಹುಟ್ಟುವುದು ಲೋಣಾವಳದ ಹತ್ತಿರದ ರಾಜಮಾಚಿ ಬೆಟ್ಟಗಳಲ್ಲಿ. 122 ಕಿಲೋಮೀಟರ್ ಹರಿದು ವಸಈ ಖಾಡಿಯಾಗಿ ಕಡಲು ಸೇರುತ್ತದೆ. ಒಂದು ಸಣ್ಣ ಕವಲು ಠಾಣೆ ಖಾಡಿಗೆ ತಿರುಗುತ್ತದೆ. ಈ ನದಿಯ ಎಲ್ಲ ನೀರೂ ಅದರದ್ದಲ್ಲ ಎಂಬುದು ಕನ್ನಡಿಗರು ತಿಳಿದಿರಬೇಕಾದ ಸಂಗತಿ. ಘಟ್ಟದ ಮೇಲೆ ಇಂದ್ರಾಯಣಿಯ ಉಪನದಿ ಆಂಧ್ರಾಕ್ಕೆ ಟಾಟಾ ಕಂಪನಿ ಕಟ್ಟಿದ ಠೋಕರವಾಡಿ ಅಣೆಕಟ್ಟಿನ ನೀರು ಸುರಂಗ, ಪೈಪುಗಳಲ್ಲಿ ಇಳಿದು, 1922ರಲ್ಲಿ ಶುರುವಾದ ಭಿವಪುರಿ ವಿದ್ಯುದಾಗಾರದಿಂದ ಉಲ್ಲಾಸ್‌ಗೆ ಬೀಳುತ್ತದೆ. ಬಿಟ್ಟಿದ್ದರೆ ಅದು ಭೀಮೆಯಾಗಿ ಅಫಜಲಪುರದ ಹೊಲಗಳನ್ನು ಹಾಯುತ್ತಿತ್ತು. ಬೇಸಿಗೆಯಲ್ಲಿ ಮೋಹಿಲಿಯ ನೀರು ಶುದ್ಧೀಕರಣ ಘಟಕದಿಂದ ನಮ್ಮ ನಲ್ಲಿಗೆ ಬರುವುದರಲ್ಲಿ ಆ ನೀರೂ ಸೇರಿದೆ. ಆದ್ದರಿಂದ ನದಿ ತಿರುಗಿಸುವುದೇ ಪಾಪ ಎಂದು ನಾನು ಹೇಳಲಾರೆ.

ಈಗಿನ ಯೋಜನೆ ಅದರ ತಿರುವುಮುರುವು. ಉಲ್ಲಾಸ್, ವೈತರಣಾ ಕೊಳ್ಳಗಳ 50 ಟಿಎಂಸಿಗೂ ಹೆಚ್ಚು ನೀರನ್ನು ಪಂಪಿನಿಂದ ಘಟ್ಟ ಹತ್ತಿಸಿ ಗೋದಾವರಿಗೆ, ಮರಾಠವಾಡಕ್ಕೆ ಕೊಡಬೇಕೆಂದು ಮಹಾರಾಷ್ಟ್ರ ಸರ್ಕಾರ ಹೊರಟಿದೆ. ಮರಾಠವಾಡದ ಬಾಯಾರಿಕೆ ಸುಳ್ಳಲ್ಲ. ಲಾತೂರಿಗೆ 2016ರಲ್ಲಿ ರೈಲಿನಲ್ಲಿ ನೀರು ಹೋಯಿತು. ನನಗೆ ಒಪ್ಪಿಗೆಯಾಗದ್ದು ಅದಕ್ಕೆ ಕೊಡುವ ಒಂದು ಕಾರಣ: ಸಮುದ್ರಕ್ಕೆ ಹರಿದು ವ್ಯರ್ಥವಾಗುವ ನೆರೆನೀರು. ಇದೇ ಮಾತನ್ನು ನೇತ್ರಾವತಿಗೂ ಹೇಳಿದ್ದರು. ಎತ್ತಿನಹೊಳೆಯ 24 ಟಿಎಂಸಿ ಲೆಕ್ಕ ಹಾಕುವಾಗ ಮಂಗಳೂರಿನ ಅಳಿವೆಗೆ ಎಷ್ಟು ಬೇಕು ಎಂಬುದನ್ನು ಮೊದಲು ಅಳೆಯಬೇಕಿತ್ತು.

ನೆರೆನೀರು ಅಳಿವೆಯಲ್ಲಿ ಕೆಲಸವಿಲ್ಲದೆ ಕೂರುವುದಿಲ್ಲ. ಎಂಟು ತಿಂಗಳ ಉಪ್ಪನ್ನು ಕೆಳಕ್ಕೆ ದೂಡುತ್ತದೆ. ವಾಲಧುನಿ ನದಿ ಉಲ್ಲಾಸನಗರ, ಅಂಬರನಾಥಗಳಿಂದ ತಂದು ಸುರಿದ ಕೊಳೆಯನ್ನು ತೆಳುವಾಗಿಸುತ್ತದೆ. ಹೊಸ ಗೋಡು ಹಾಸಿ ಕಾಂಡ್ಲಾ ಗಿಡಗಳಿಗೆ ನೆಲ ಕೊಡುತ್ತದೆ. ಇಲ್ಲಿ ಜಿತಾಡಾ ಎಂದು ಕರೆಯುವ ಮೀನು ಸಿಹಿನೀರಿನಲ್ಲಿ ಬೆಳೆದರೂ ಮರಿ ಮಾಡಲು ಅಳಿವೆಗೇ ಇಳಿಯಬೇಕು. ನೆರೆಯನ್ನು ಮೇಲೆಯೇ ಕತ್ತರಿಸಿದರೆ ನಮಗೆ ಉಳಿಯುವುದು ಚರಂಡಿ ಮತ್ತು ಉಬ್ಬರ ಎರಡೇ.

ನೆರೆ ಕೊಂದದ್ದನ್ನೂ ಕಂಡಿದ್ದೇವೆ. 2005ರ ಜುಲೈ 26ರ ಮಹಾಮಳೆ ಇಲ್ಲಿ ಯಾರಿಗೂ ಮರೆಯದು. 2019ರ ಜುಲೈ 27ರಂದು ಬದಲಾಪುರ, ವಾಂಗಣಿ ನಡುವೆ ಉಲ್ಲಾಸ್ ಉಕ್ಕಿ, ಕೊಲ್ಹಾಪುರಕ್ಕೆ ಹೊರಟಿದ್ದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನ ನಡುವೆ ನಿಂತಿತು. ನೆರೆ ತಿರುಗಿಸಿದರೆ ಇದು ತಪ್ಪುತ್ತದೆ ಎನ್ನುವವರಿದ್ದಾರೆ. ಅಂಥ ಒಂದೇ ದಿನದ ಮಳೆಯನ್ನು ಎತ್ತುವ ಪಂಪು ಎಲ್ಲಿದೆ? ಆ ನೀರು ಹರಡಿಕೊಳ್ಳಲು ಬೇಕಿದ್ದ ತಗ್ಗಿನಲ್ಲಿ ನಾವು ಮಣ್ಣು ತುಂಬಿ ಕಟ್ಟಡ ಎಬ್ಬಿಸಿದ್ದೇವೆ. ಠಾಣೆ ಖಾಡಿಗೆ 2022ರಲ್ಲಿ ಜೌಗು ಪ್ರದೇಶಗಳಿಗೆ ಕೊಡುವ ರಾಮ್ಸಾರ್ ಮಾನ್ಯತೆ ಸಿಕ್ಕಿತು, ಅಲ್ಲಿ ರಾಜಹಂಸಗಳಿವೆ. ನಮ್ಮ ಖಾಡಿಗೆ ಅಂಥ ಕಾವಲಿಲ್ಲ.

ಮಳೆ ಬಿಟ್ಟ ಮೇಲೆ, ನೀರು ಇಳಿದಾಗ, ನಿವಟಿ ಹಿಡಿಯುವವರು ಕೆಸರಿಗೆ ಬರುತ್ತಾರೆ. ನಿವಟಿ ಎಂದರೆ ಕೆಸರಿನ ಮೇಲೆ ಕುಪ್ಪಳಿಸುವ, ಉಬ್ಬಿದ ಕಣ್ಣಿನ ಬೆರಳುದ್ದದ ಮೀನು. ಬಿಲದ ಬಾಯಿಗೆ ಕೈ ಇಳಿಸಿ, ಕೆನ್ನೆ ಕೆಸರಿಗೆ ತಾಗುವವರೆಗೆ ಬಗ್ಗಿ, ಒಳಗೇ ತಡಕಿ ಹಿಡಿಯಬೇಕು. ಹಳೆಯ ಕೆಸರು ಕಪ್ಪು, ಎಣ್ಣೆ ಕಮಟು. ಅದರ ಮೇಲಿನ ಎರಡು ಬೆರಳು ದಪ್ಪದ ಪದರ ಮಾತ್ರ ಕೆಂಪು, ಆ ವರ್ಷ ಘಟ್ಟದಿಂದ ಇಳಿದದ್ದು.