ಹಂಚಿನ ಬೆನ್ನಿನ ಹೆಸರು ಮತ್ತು ಶತ್ರುವಿನ ದುಡ್ಡು

ನಮ್ಮ ಕರಾವಳಿಯಲ್ಲಿ ಹಳೆ ಮನೆ ಕೆಡವುವಾಗ ಇಳಿಸಿದ ಹಂಚುಗಳನ್ನು ತಿರುಗಿಸಿ ನೋಡಿದ್ದೀರಾ? ಕೆಲವದರ ಬೆನ್ನಲ್ಲಿ ಬಾಸೆಲ್ ಮಿಷನ್ ಎಂಬ ಅಚ್ಚು ಇರುತ್ತದೆ, ಕೆಲವದರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಎಂದು ಇರುತ್ತದೆ. ಎರಡೂ ಬೇರೆ ಬೇರೆ ಕಂಪನಿ ಎಂದು ನಾವು ತಿಳಿಯುತ್ತೇವೆ. ಆದರೆ ಕಾರ್ಖಾನೆ ಅದೇ, ನೇತ್ರಾವತಿಯ ಮಣ್ಣೂ ಅದೇ. ನಡುವೆ ಬಂದು ಹೋದದ್ದು ಒಂದು ಮಹಾಯುದ್ಧ, ಮತ್ತು ಶತ್ರುವಿನೊಡನೆ ವ್ಯಾಪಾರ ಮಾಡಬಾರದು, ಶತ್ರುವಿನ ದುಡ್ಡು ಸರಕಾರದ ಕೈಯಲ್ಲಿರಬೇಕು ಎಂದ ಒಂದು ಕಾನೂನು. ಆ ಕಾನೂನಿನ ಮೊಮ್ಮಗ ಇಂದಿಗೂ ಬದುಕಿದ್ದಾನೆ. ಅವನ ಪರಿಚಯ ನಮ್ಮ ಮನೆಗಳಿಗೆ ಇರಬೇಕು ಎಂದೇ ಇದನ್ನು ಬರೆಯುತ್ತಿದ್ದೇನೆ.

ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರು ಬಂದದ್ದು ಧರ್ಮಪ್ರಚಾರಕ್ಕೆ, ಅದರಲ್ಲಿ ಮುಚ್ಚುಮರೆ ಇಲ್ಲ. ಆದರೆ ಅವರ ಜೊತೆ ಬಂದ ಕೆಲಸಗಳು ಎಲ್ಲ ಜಾತಿ ಧರ್ಮದವರ ಮನೆಗೂ ತಲುಪಿದವು. 1841ರಲ್ಲಿ ಮುದ್ರಣಾಲಯ, 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದ 'ಮಂಗಳೂರ ಸಮಾಚಾರ', 1894ರಲ್ಲಿ ಕಿಟ್ಟೆಲ್ ನಿಘಂಟು. 1865ರಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಮೆಕ್ಯಾನಿಕಲ್ ಡಿಪ್ಲೊಮಾ ಓದಿದ ನನಗೆ ಈ ಹಂಚು ಇಂದಿಗೂ ಅಚ್ಚರಿಯ ವಸ್ತು. ಒಂದರ ಅಂಚಿನ ಕಾಲುವೆಗೆ ಇನ್ನೊಂದರ ಏಣು ಸರಿಯಾಗಿ ಕೂರುತ್ತದೆ, ಗಾರೆ ಇಲ್ಲದೆ ನಮ್ಮ ಆಟಿಯ ಮಳೆಯನ್ನು ತಡೆಯುತ್ತದೆ. ಒಂದೇ ಅಳತೆಯಲ್ಲಿ ಸಾವಿರಾರು ಒತ್ತಬೇಕಾದರೆ ಅಚ್ಚು, ಒತ್ತುಯಂತ, ಗೂಡು ಎಲ್ಲವೂ ಹದದಲ್ಲಿರಬೇಕು. ಮಂಗಳೂರಿನಲ್ಲಿ ಅವರದೇ ಯಂತ್ರದ ವರ್ಕ್‌ಶಾಪ್ ಕೂಡ ಇತ್ತು. ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಫರೋಕ್, ಪಾಲಕ್ಕಾಡ್‌ವರೆಗೆ ಹಂಚಿನ ಕಾರ್ಖಾನೆಗಳು ಹಬ್ಬಿದವು. ವ್ಯಾಪಾರದ ಭಾಗವನ್ನು ನೋಡಿಕೊಳ್ಳಲು 1859ರಲ್ಲೇ ಬೇರೆ ಕಂಪನಿ ಕಟ್ಟಿದ್ದರು.

1914ರ ಆಗಸ್ಟ್‌ನಲ್ಲಿ ಬ್ರಿಟನ್ ಮತ್ತು ಜರ್ಮನಿ ನಡುವೆ ಯುದ್ಧ ಶುರುವಾಯಿತು. ಯುದ್ಧ ಘೋಷಣೆಯ ಮರುದಿನವೇ, ಅಂದರೆ ಆಗಸ್ಟ್ 5ರಂದು, ಶತ್ರುವಿನೊಡನೆ ವ್ಯಾಪಾರ ನಿಷೇಧಿಸುವ ಬ್ರಿಟಿಷ್ ಪ್ರಕಟಣೆ ಬಂತು. ಸೆಪ್ಟೆಂಬರ್‌ನಲ್ಲಿ ಅದು ಕಾಯ್ದೆಯಾಯಿತು. ಭಾರತದಲ್ಲಿ ಅದೇ ವರ್ಷ ಸುಗ್ರೀವಾಜ್ಞೆ ಬಂತು, 1916ರಲ್ಲಿ ಶತ್ರು ವ್ಯಾಪಾರದ ಕಾಯ್ದೆಯೇ ಬಂತು.

ಕಾನೂನಿನ ಭಾಷೆ ಕಠಿಣ. ಅಂಗಡಿಯ ಲೆಕ್ಕದಲ್ಲಿ ಹೇಳಿದರೆ ಸುಲಭ. ನಾನು ಬಾಕಿ ಪುಸ್ತಕದ ಪಕ್ಕದಲ್ಲೇ ಬೆಳೆದವನು. ನಾವು ಒಬ್ಬ ಸಗಟು ವ್ಯಾಪಾರಿಗೆ 500 ರೂಪಾಯಿ ಕೊಡಬೇಕು ಎಂದಿಟ್ಟುಕೊಳ್ಳಿ. ರಾತ್ರೋರಾತ್ರಿ ಅವನ ದೇಶ ನಮ್ಮ ದೇಶದ ಶತ್ರುವಾಯಿತು. ಈಗ ಆ ದುಡ್ಡು ಅವನಿಗೆ ಕೊಟ್ಟರೆ ನಾವು ಜೈಲಿಗೆ. ಹಾಗೆಂದು ಸಾಲ ಹರಿಯಿತು ಎಂದು ಪುಸ್ತಕಕ್ಕೆ ಗೀಟು ಹಾಕುವ ಹಾಗೂ ಇಲ್ಲ. ಆ ದುಡ್ಡನ್ನು ಸರಕಾರ ನೇಮಿಸಿದ ಕಸ್ಟೋಡಿಯನ್ ಎಂಬ ಅಧಿಕಾರಿಗೆ ಕಟ್ಟಬೇಕು. ಕಸ್ಟೋಡಿಯನ್ ಅಂದರೆ ಕಾವಲುಗಾರ. ಮೂಲ ವಿಚಾರ ಇಷ್ಟೇ: ಶತ್ರುವಿನ ಹಣ ಅವನ ಬಂದೂಕಿಗೆ ಗುಂಡಾಗಬಾರದು, ಯುದ್ಧ ಮುಗಿಯುವವರೆಗೆ ಅದು ಕಾವಲಿನಲ್ಲಿರಲಿ. ಈ ವಿಚಾರವನ್ನು ತಪ್ಪು ಎನ್ನುವುದು ಕಷ್ಟ. ತಕರಾರು ಹುಟ್ಟುವುದು ಎರಡು ಕಡೆ. ಶತ್ರು ಯಾರು? ಕಾವಲು ಎಲ್ಲಿಯವರೆಗೆ?

ಮೊದಲ ಪ್ರಶ್ನೆಗೆ ಬಾಸೆಲ್ ಮಿಷನ್‌ಗಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ. ಆ ದೇಶ ಯುದ್ಧದಲ್ಲಿ ಯಾರ ಪಕ್ಷಕ್ಕೂ ಸೇರಲಿಲ್ಲ. ಆದರೆ ಇಲ್ಲಿ ಕೆಲಸಕ್ಕೆ ಬಂದ ಪಾದ್ರಿಗಳಲ್ಲಿ ಹೆಚ್ಚಿನವರು ಜರ್ಮನರು, ವುರ್ಟೆಂಬರ್ಗ್ ಕಡೆಯವರು. ಹಾಗಾದರೆ ಜೆಪ್ಪುವಿನ ಹಂಚು ಸ್ವಿಸ್ ಹಂಚೋ ಜರ್ಮನ್ ಹಂಚೋ? ಇದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಒಂದು ದೊಡ್ಡ ಮೊಕದ್ದಮೆ ನಡೆಯುತ್ತಿತ್ತು. ಕಾಂಟಿನೆಂಟಲ್ ಎಂಬ ಟಯರ್ ಕಂಪನಿ ಡೈಮ್ಲರ್ ಕಂಪನಿಯಿಂದ ತನ್ನ ಬಾಕಿ ಕೇಳಿತು. ನಿನಗೆ ದುಡ್ಡು ಕೊಟ್ಟರೆ ಶತ್ರುವಿನೊಡನೆ ವ್ಯಾಪಾರ ಮಾಡಿದ ಹಾಗೆ ಎಂದಿತು ಡೈಮ್ಲರ್. ಕಾಂಟಿನೆಂಟಲ್ ನೋಂದಣಿಯಾದದ್ದು ಇಂಗ್ಲೆಂಡಿನಲ್ಲೇ. ಆದರೆ ಒಂದು ಷೇರು ಬಿಟ್ಟು ಉಳಿದದ್ದೆಲ್ಲ ಜರ್ಮನರ ಕೈಯಲ್ಲಿತ್ತು. ನೋಂದಣಿ ಎಲ್ಲಿ ಎಂದು ಮಾತ್ರ ನೋಡಿದರೆ ಸಾಲದು, ಲಗಾಮು ಯಾರ ಕೈಯಲ್ಲಿದೆ ಎಂದೂ ನೋಡಬಹುದು ಎಂದು 1916ರಲ್ಲಿ ಹೌಸ್ ಆಫ್ ಲಾರ್ಡ್ಸ್ ಹೇಳಿತು. ಕಾಗದದ ಊರಿಗಿಂತ ಮನುಷ್ಯರ ಊರು ಮುಖ್ಯವಾಯಿತು.

ಜರ್ಮನ್ ಪಾದ್ರಿಗಳನ್ನು ಹಿಡಿದು ಅಹಮದ್‌ನಗರದ ಶಿಬಿರದಲ್ಲಿಟ್ಟರು. ಹೆಂಗಸರು, ಮಕ್ಕಳಿಗೆ ಬೆಳಗಾವಿಯಲ್ಲಿ ಶಿಬಿರವಿತ್ತು. ಬಹಳ ಜನರನ್ನು 'ಗೋಲ್ಕೊಂಡ' ಎಂಬ ಹಡಗಿನಲ್ಲಿ ಯುರೋಪಿಗೆ ವಾಪಸ್ ಕಳಿಸಿದರು. ನಮ್ಮ ಭಾಷೆಗೆ ನಿಘಂಟು ಕೊಟ್ಟ ಸಂಸ್ಥೆ ಹೀಗೆ ಶತ್ರುವಾಯಿತು. ಸಿಪಾಯಿಗಳ ಖಾಕಿ ಬಣ್ಣವನ್ನು ಮೊದಲು ಮಾಡಿದ್ದು ಮಂಗಳೂರಿನ ಇದೇ ಮಿಷನ್‌ನ ನೇಯ್ಗೆ ಕಾರ್ಖಾನೆಯ ಹಾಲರ್ ಎಂಬವರು ಎಂದು ನಮ್ಮೂರಲ್ಲಿ ಹೇಳಿಕೊಂಡು ಬಂದಿದ್ದಾರೆ. ಆ ಖಾಕಿ ತೊಟ್ಟ ಸರಕಾರವೇ ಕಾರ್ಖಾನೆಗಳನ್ನು ಹಿಡಿದುಕೊಂಡಿತು. 1920ರ ಹೊತ್ತಿಗೆ ಭಾರತದಲ್ಲಿದ್ದ ಕಂಪನಿಯ ಆಸ್ತಿ ಲಂಡನ್ನಿನ ಕಾಮನ್‌ವೆಲ್ತ್ ಟ್ರಸ್ಟ್ ಕೈ ಸೇರಿತ್ತು. ಹಂಚಿನ ಬೆನ್ನಿನ ಹೆಸರು ಬದಲಾದದ್ದು ಹೀಗೆ.

1919ರ ವರ್ಸೈ ಒಪ್ಪಂದ ಇದಕ್ಕೆ ಮೊಹರು ಒತ್ತಿತು. ಅದರ 297ನೇ ವಿಧಿ, ಗೆದ್ದ ದೇಶಗಳು ತಮ್ಮಲ್ಲಿದ್ದ ಜರ್ಮನರ ಆಸ್ತಿಯನ್ನು ಇಟ್ಟುಕೊಂಡು ಮಾರಬಹುದು ಎಂದಿತು. ಕಳೆದುಕೊಂಡವರಿಗೆ ಜರ್ಮನಿಯೇ ಪರಿಹಾರ ಕೊಡಬೇಕಿತ್ತು. ಮಿಷನ್‌ಗಳ ಆಸ್ತಿ ಅದೇ ಮತದ ಟ್ರಸ್ಟಿಗಳ ಕೈಗೆ ಹೋಗಲಿ ಎಂದು 438ನೇ ವಿಧಿ ಹೇಳಿತು. ಕಾವಲಿಗಿಟ್ಟದ್ದು ಹೀಗೆ ವಶವಾಯಿತು. ಇದೇ ಬಾಸೆಲ್ ಕಂಪನಿಗೆ ಆಫ್ರಿಕಾದ ಗೋಲ್ಡ್ ಕೋಸ್ಟ್‌ನಲ್ಲಿ, ಈಗಿನ ಘಾನಾದಲ್ಲಿ, ವ್ಯಾಪಾರವಿತ್ತು. ಅಲ್ಲಿನ ಆಸ್ತಿಗಾಗಿ ಸ್ವಿಸ್ ಕಡೆಯವರು ವರ್ಷಗಟ್ಟಲೆ ಬೆನ್ನುಬಿದ್ದು ವಾಪಸ್ ಪಡೆದರು. ಇಲ್ಲಿನ ಹಂಚಿನ ಕಾರ್ಖಾನೆಗಳು ವಾಪಸ್ ಹೋಗಲಿಲ್ಲ. ಒಂದೇ ಮಾಲೀಕ, ಒಂದೇ ಯುದ್ಧ, ಎರಡು ತೀರ್ಮಾನ.

ಇನ್ನು ಶತ್ರುವೂ ಅಲ್ಲದ, ವ್ಯಾಪಾರಿಯೂ ಅಲ್ಲದ ಬಡವನ ಮಾತು. ಆ ಕಾಲದಲ್ಲಿ ಲೋಕದ ಕೃತಕ ಬಣ್ಣದ ವ್ಯಾಪಾರ ಹೆಚ್ಚುಕಡಿಮೆ ಜರ್ಮನರ ಮುಷ್ಟಿಯಲ್ಲಿತ್ತು. ಯುದ್ಧ ಬಂದೊಡನೆ ಆ ಡಬ್ಬಿಗಳು ಬರುವುದು ನಿಂತಿತು, ಇದ್ದವುಗಳ ಬೆಲೆ ಏರಿತು. ಸೊಲ್ಲಾಪುರದಂಥ ನೇಯ್ಗೆಯ ಪೇಟೆಗೆ ಬಣ್ಣವೇ ಜೀವ. ಅದರ ಪಕ್ಕದ ಅಕ್ಕಲಕೋಟೆ, ಚಪಳಗಾಂವ ಕಡೆ ಇಂದಿಗೂ ಕನ್ನಡ ಮನೆಮಾತು, ಆಡಳಿತ ಮಾತ್ರ ಮರಾಠಿಯದು. ಅಕ್ಕಲಕೋಟೆ ಆಗ ಬ್ರಿಟಿಷರ ನೇರ ಆಳ್ವಿಕೆಯದ್ದಲ್ಲ, ರಾಜರ ಸಂಸ್ಥಾನ. ಆದರೆ ಪೇಟೆಗೆ ಸಂಸ್ಥಾನದ ಗಡಿ ಎಲ್ಲಿದೆ? ಸೀರೆಯ ಕೆಂಪು ದುಬಾರಿಯಾದರೆ ಕೊಳ್ಳುವವಳಿಗೂ ದುಬಾರಿ, ನೇಯುವವನಿಗೂ ನಷ್ಟ. ದೊಡ್ಡವರ ಜಗಳದಲ್ಲಿ ಸುಂಕ ಕಟ್ಟುವವನು ಯಾವಾಗಲೂ ಕೊನೆಯ ಗಿರಾಕಿ.

ಎರಡನೇ ಮಹಾಯುದ್ಧ ಬಂದಾಗ 1939ರ ಭಾರತ ರಕ್ಷಣಾ ನಿಯಮಗಳಲ್ಲಿ ಇದೇ ಏರ್ಪಾಡು ಮತ್ತೆ ಬಂತು. ಈ ಸಲ ಶತ್ರು ಹಿಡಿದುಕೊಂಡ ನೆಲವೂ ಶತ್ರುವಿನ ನೆಲ ಎಂಬ ಲೆಕ್ಕ. 1942ರ ಮಾರ್ಚ್‌ನಲ್ಲಿ ರಂಗೂನ್ ಜಪಾನೀಯರ ಕೈಗೆ ಬಿತ್ತು. ನಿನ್ನೆಯವರೆಗೆ ಬ್ರಿಟಿಷ್ ಸಾಮ್ರಾಜ್ಯದ ಊರಾಗಿದ್ದಲ್ಲಿಗೆ ಹಣ ಕಳಿಸುವುದು ಅಪರಾಧವಾಯಿತು. ಹೊಟ್ಟೆಪಾಡಿಗೆ ಬರ್ಮಾ ಸೇರಿದ್ದ ಭಾರತೀಯರು ಯಾರ ಶತ್ರುವೂ ಆಗಿರಲಿಲ್ಲ. ಆದರೂ ಅಲ್ಲಿ ಕೂಡಿಟ್ಟದ್ದನ್ನು ಬಿಟ್ಟು ಲಕ್ಷಗಟ್ಟಲೆ ಜನ ಕಾಲ್ನಡಿಗೆಯಲ್ಲಿ ಓಡಿ ಬಂದರು.

ಈಗ ನಮ್ಮ ಕಾಲಕ್ಕೆ ಬರೋಣ. ದೇಶ ವಿಭಜನೆಯ ನಂತರ ಬಂದ ನಿರ್ವಸಿತರ ಆಸ್ತಿಯ ಕಾನೂನು ಬೇರೆ, ಶತ್ರು ಆಸ್ತಿಯ ಕಾನೂನು ಬೇರೆ. ಇವೆರಡನ್ನು ಜನ ಕಲಸಿಕೊಳ್ಳುತ್ತಾರೆ. ಶತ್ರು ಆಸ್ತಿ ಎಂಬುದು ಬಂದದ್ದು 1962ರ ಚೀನಾ ಯುದ್ಧ, 1965 ಮತ್ತು 1971ರ ಪಾಕಿಸ್ತಾನ ಯುದ್ಧಗಳಿಂದ. 1965ರ ಸೆಪ್ಟೆಂಬರ್ 10 ಮತ್ತು 11ರ ಆದೇಶಗಳಿಂದ ಪಾಕಿಸ್ತಾನಿ ಪ್ರಜೆಗಳ ಆಸ್ತಿ ಕಸ್ಟೋಡಿಯನ್ ವಶಕ್ಕೆ ಬಂತು. 1966ರ ಜನವರಿ 10ರ ತಾಷ್ಕೆಂಟ್ ಘೋಷಣೆಯಲ್ಲಿ, ಪರಸ್ಪರ ವಶಪಡಿಸಿಕೊಂಡ ಆಸ್ತಿ ಮರಳಿಸುವ ಬಗ್ಗೆ ಮಾತಾಡೋಣ ಎಂದು ಎರಡೂ ದೇಶ ಒಪ್ಪಿದ್ದವು. ಮಾತು ಮುಂದುವರಿಯಲಿಲ್ಲ. ಪಾಕಿಸ್ತಾನ ತನ್ನ ಬಳಿ ಇದ್ದ ಭಾರತೀಯರ ಆಸ್ತಿಯನ್ನು 1971ರಲ್ಲೇ ವಿಲೇವಾರಿ ಮಾಡಿತು. ಪೂರ್ವ ಪಾಕಿಸ್ತಾನದಲ್ಲಿ ಹಿಂದೂಗಳ ಜಮೀನಿಗೆ ಬಿದ್ದ ಇದೇ ಹೆಸರು ಬಾಂಗ್ಲಾದೇಶ ಆದ ಮೇಲೂ ಹೆಸರು ಬದಲಿಸಿ ಮುಂದುವರಿಯಿತು, ಮರಳಿಸುವ ಕಾನೂನು ಬಂದದ್ದು 2001ರಲ್ಲಿ. ಈ ಕತ್ತಿಗೆ ಎರಡೂ ಕಡೆ ಬಾಯಿ ಇದೆ ಎಂಬುದನ್ನು ನಾವು ಮರೆಯಬಾರದು.

ಭಾರತದಲ್ಲಿ 1968ರ ಶತ್ರು ಆಸ್ತಿ ಕಾಯ್ದೆ ಬಂತು. ಮಹಮೂದಾಬಾದಿನ ರಾಜರು 1957ರಲ್ಲಿ ಪಾಕಿಸ್ತಾನದ ಪೌರತ್ವ ಪಡೆದಿದ್ದರು, ಮಗ ಭಾರತೀಯನಾಗಿಯೇ ಉಳಿದಿದ್ದರು. ತಂದೆಯ ಮರಣದ ನಂತರ ಮಗ ಆಸ್ತಿ ಕೇಳಿ ಮೂರು ದಶಕ ನಡೆದಾಡಿ, 2005ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಭಾರತೀಯ ವಾರಸುದಾರ ಶತ್ರುವಲ್ಲ ಎಂಬುದು ಆ ತೀರ್ಪಿನ ತಿರುಳು. 2017ರ ತಿದ್ದುಪಡಿ ಅದನ್ನು ಮಗುಚಿ ಹಾಕಿತು. ಈಗ ಶತ್ರುವಿನ ವಾರಸುದಾರ ಭಾರತದ ಪ್ರಜೆಯಾದರೂ ಆ ಆಸ್ತಿಯ ಮಟ್ಟಿಗೆ ಶತ್ರು. ಮಾಲೀಕ ಸತ್ತರೂ ಆಸ್ತಿ ಕಸ್ಟೋಡಿಯನ್‌ದೇ, ಅದಕ್ಕೆ ವಾರಸಾ ಕಾನೂನು ಅನ್ವಯಿಸುವುದಿಲ್ಲ. ಸಿವಿಲ್ ಕೋರ್ಟಿನ ಬಾಗಿಲು ಮುಚ್ಚಿದೆ, ಹೈಕೋರ್ಟಿನದು ತೆರೆದಿದೆ.

2018ರಲ್ಲಿ ಸರಕಾರ ಕೊಟ್ಟ ಲೆಕ್ಕದಂತೆ ಪಾಕಿಸ್ತಾನಿ ಪ್ರಜೆಗಳು ಬಿಟ್ಟುಹೋದ 9,280 ಮತ್ತು ಚೀನೀ ಪ್ರಜೆಗಳು ಬಿಟ್ಟುಹೋದ 126 ಆಸ್ತಿಗಳಿದ್ದವು. ಇದು ಬರೀ ಜಮೀನು, ಕಟ್ಟಡದ ಮಾತಲ್ಲ. 996 ಕಂಪನಿಗಳಲ್ಲಿ 20,323 ಜನರ ಆರೂವರೆ ಕೋಟಿ ಷೇರುಗಳೂ ಕಾವಲಿನಲ್ಲಿದ್ದವು. 2019ರ ಏಪ್ರಿಲ್‌ನಲ್ಲಿ ಅದರಲ್ಲಿ ವಿಪ್ರೊ ಷೇರುಗಳನ್ನು ಮಾರಿ ಸುಮಾರು 1,150 ಕೋಟಿ ರೂಪಾಯಿ ಬಂತು. ಬೆಂಗಳೂರಿನ ವಿಪ್ರೊ 1945ರಲ್ಲಿ ಹುಟ್ಟಿದ್ದು ಮಹಾರಾಷ್ಟ್ರದ ಅಮಳನೇರ್‌ನಲ್ಲಿ, ಅಡುಗೆ ಎಣ್ಣೆಯ ಕಂಪನಿಯಾಗಿ. ಎಣ್ಣೆ ಮಿಲ್ಲಿನ ಷೇರು ಕಾವಲಿನಲ್ಲಿ ಮಲಗಿದ್ದಂತೆಯೇ ಕಂಪ್ಯೂಟರ್ ಕಂಪನಿಯ ಷೇರಾಗಿ ಬೆಳೆದಿತ್ತು.

ಇದರಲ್ಲಿ ನಮಗೇನು ಎಂದು ಕೇಳಬಹುದು. ಒಂದು ಕಾಲದಲ್ಲಿ ಮಲಬಾರಿನ ಜನ ಬೊಂಬಾಯಿಗೆ ಹೋದಷ್ಟೇ ಸಲೀಸಾಗಿ ಕರಾಚಿಗೆ ಹೋಗುತ್ತಿದ್ದರು, ಹೋಟೆಲಿನಲ್ಲಿ ದುಡಿದು ಬರುತ್ತಿದ್ದರು. ಕೇರಳದ ಮಲಪ್ಪುರಂ ಕಡೆಯ ಒಬ್ಬರು 1953ರಲ್ಲಿ ಸ್ವಲ್ಪ ಕಾಲ ಕರಾಚಿಯ ಹೋಟೆಲಿನಲ್ಲಿ ಕೆಲಸ ಮಾಡಿ ಊರಿಗೆ ಮರಳಿದ್ದರು. ಭಾರತೀಯನಾಗಿಯೇ ಬದುಕಿ ಸತ್ತರು. ದಶಕಗಳ ನಂತರ ಅವರ ಮಗ ಜಮೀನಿನ ತೀರ್ವೆ ಕಟ್ಟಲು ಹೋದಾಗ, ಇದು ಶತ್ರು ಆಸ್ತಿ ಇರಬಹುದು ಎಂದು ತಡೆದರು. 2024ರಲ್ಲಿ ಕೇರಳ ಹೈಕೋರ್ಟ್, ಕೆಲಸ ಹುಡುಕಿ ಪಾಕಿಸ್ತಾನಕ್ಕೆ ಹೋದ ಮಾತ್ರಕ್ಕೆ ಒಬ್ಬ ಶತ್ರುವಾಗುವುದಿಲ್ಲ ಎಂದು ತೀರ್ಪು ಕೊಟ್ಟಿತು. ಆ ಮಗನ ನೆರವಿಗೆ ಬಂದದ್ದು ಏನು ಗೊತ್ತೇ? ತಂದೆ ಪಾಕಿಸ್ತಾನದ ಪೌರತ್ವ ಪಡೆದಿಲ್ಲ ಎಂದು ಕೇಂದ್ರ ಸರಕಾರವೇ ಹಿಂದೆ ಕೊಟ್ಟಿದ್ದ ಆದೇಶ. ಒಂದು ಹಳೆಯ ಕಾಗದ.

ಶತ್ರುವಿನ ದುಡ್ಡು ಎಂದಾಗ ನಮ್ಮ ಮದ್ರಸದಲ್ಲಿ ಕೇಳಿದ ಹಿಜ್ರತ್‌ನ ಕಥೆ ನೆನಪಾಗದೆ ಇರದು. ಮಕ್ಕಾದವರು ಪ್ರವಾದಿಯವರನ್ನು (ಸ) ವಿರೋಧಿಸುತ್ತಿದ್ದರು, ಆದರೆ ಬೆಲೆಬಾಳುವ ವಸ್ತುಗಳನ್ನು ಇಡುತ್ತಿದ್ದದ್ದು ಅವರ ಬಳಿಯೇ, ಏಕೆಂದರೆ ಅವರು ಅಲ್ ಅಮೀನ್. ಕೊಲ್ಲಲು ಹೊಂಚು ಹಾಕಿದ ರಾತ್ರಿ ಅವರು ಊರು ಬಿಡುವಾಗ ಆ ಅಮಾನತ್ತುಗಳನ್ನು ಒಯ್ಯಲಿಲ್ಲ. ಒಡೆಯರಿಗೆ ಮರಳಿಸಿ ಬಾ ಎಂದು ಅಲಿಯವರನ್ನು (ರ) ಹಿಂದೆ ಬಿಟ್ಟರು. ಯುದ್ಧ ಮಾಡುವ ಸರಕಾರಕ್ಕೆ ಇದೇ ಅಳತೆ ಹಿಡಿಯಲು ಬರುವುದಿಲ್ಲ, ಅದಕ್ಕೆ ಗಡಿ ಕಾಯುವ ಹೊಣೆ ಇದೆ. ಆದರೂ ಕಾವಲುಗಾರ ಎಂಬ ಹೆಸರಿಟ್ಟುಕೊಂಡ ಮೇಲೆ ಆ ಹೆಸರಿಗೊಂದು ಅರ್ಥ ಇರಬೇಕಲ್ಲ. ಇಟ್ಟುಕೊಳ್ಳುವುದು ಒಂದು, ತನ್ನದು ಮಾಡಿಕೊಳ್ಳುವುದು ಇನ್ನೊಂದು.

ಕಾನೂನು ಬದಲಿಸುವುದು ನಮ್ಮ ಅಂಗಡಿಯಲ್ಲಿ ಆಗುವ ಕೆಲಸವಲ್ಲ. ಕಾಗದ ಕಾಪಾಡುವುದು ಮಾತ್ರ ಆಗುತ್ತದೆ. ಅಜ್ಜಂದಿರು ಹೊರ ಊರಿಗೆ ದುಡಿಯಲು ಹೋಗಿದ್ದರೆ ಎಲ್ಲಿಗೆ, ಯಾವಾಗ, ಯಾವ ಪಾಸ್‌ಪೋರ್ಟಿನಲ್ಲಿ ಹೋದರು, ಯಾವಾಗ ಮರಳಿದರು ಎಂದು ಬದುಕಿರುವ ಹಿರಿಯರಲ್ಲಿ ಕೇಳಿ ಬರೆದಿಡಿ. ಹಳೆ ಕ್ರಯಚೀಟಿ, ತೀರ್ವೆ ರಶೀದಿ, ಮತದಾರರ ಪಟ್ಟಿಯ ಪ್ರತಿ, ಮರಣ ಪತ್ರ, ಇವನ್ನು ಟ್ರಂಕಿನ ತಳದಲ್ಲಿ ಗೆದ್ದಲಿಗೆ ಬಿಡಬೇಡಿ. ಪಾಲು ಮಾಡುವ ಮೊದಲು ಖಾತೆ ಯಾರ ಹೆಸರಿನಲ್ಲಿದೆ ಎಂದು ನೋಡಿ. ನಮ್ಮಲ್ಲಿ ಮೂರು ತಲೆಮಾರಿನ ಜಮೀನು ಇನ್ನೂ ಅಜ್ಜನ ಹೆಸರಿನಲ್ಲೇ ಇರುವ ಮನೆಗಳು ಎಷ್ಟಿವೆ ಎಂದು ನಿಮಗೇ ಗೊತ್ತು.